ಡಾಕ್ಟರ್ ಚೀಟಿ ಇದ್ದರೆ ಮಾತ್ರ ವೇಪ್

ಮೆಲ್ಬರ್ನಿನ ಔಷಧಿ ಅಂಗಡಿಗೆ ಹೋಗಿ, ‘ಸಿಗರೇಟು ಬಿಡಬೇಕೆಂದಿದ್ದೇನೆ, ವೇಪ್ ಇದೆಯಾ?’ ಎಂದು ಕೇಳಿದರೆ ಈಗ ಏನಾಗುತ್ತದೆ?

ಮೊದಲಿಗೆ, ವೇಪ್ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಗಿರಾಕಿಗೆ ಕಾಣುವಂತೆ ಜೋಡಿಸಿಡುವಂತಿಲ್ಲ, ಅದರ ಹೆಸರಿನ ಜಾಹೀರಾತು ಹಚ್ಚುವಂತಿಲ್ಲ. ಕೌಂಟರಿನಲ್ಲಿರುವ ಸಹಾಯಕರು ತೆಗೆದುಕೊಡುವಂತೆಯೂ ಇಲ್ಲ. ಫಾರ್ಮಸಿಸ್ಟ್ ತಾವೇ ಬಂದು ಮಾತಾಡಬೇಕು. ನಿಮಗೆ 18 ವರ್ಷ ತುಂಬಿದೆಯೇ ಎಂದು ಗುರುತಿನ ಚೀಟಿ ನೋಡುತ್ತಾರೆ. ದಿನಕ್ಕೆ ಎಷ್ಟು ಸೇದುತ್ತೀರಿ, ಹಿಂದೆ ಬಿಡಲು ಪ್ರಯತ್ನಿಸಿದ್ದೀರಾ, ಪ್ಯಾಚ್ ಹಚ್ಚಿ ನೋಡಿದ್ದೀರಾ, ಗಮ್ ಅಗಿದು ನೋಡಿದ್ದೀರಾ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದೆಲ್ಲ ವಿಚಾರಿಸುತ್ತಾರೆ. ಎಲ್ಲ ಸರಿಹೋದರೆ ಬಣ್ಣವಿಲ್ಲದ ಸಾದಾ ಡಬ್ಬಿಯೊಂದು ಒಳಗಿನಿಂದ ಬರುತ್ತದೆ. ಅದರ ದ್ರವದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ. ರುಚಿಗಳು ಮೂರೇ: ಪುದೀನ, ಮೆಂಥಾಲ್, ತಂಬಾಕು. ಕೊಡುವುದು ಒಂದು ತಿಂಗಳಿಗೆ ಸಾಲುವಷ್ಟು. ನಿಕೋಟಿನ್ ಹೆಚ್ಚು ಬೇಕೆಂದರೆ, ಇಲ್ಲವೇ ವಯಸ್ಸು 18ಕ್ಕಿಂತ ಕಡಿಮೆಯಿದ್ದರೆ, ವೈದ್ಯರ ಚೀಟಿ ತರಲೇಬೇಕು. ಕೆಲವು ರಾಜ್ಯಗಳಲ್ಲಂತೂ ವಯಸ್ಕರಿಗೂ ಚೀಟಿಯಿಲ್ಲದೆ ಸಿಗುವುದಿಲ್ಲ.

ಇಷ್ಟೆಲ್ಲ ನಡೆಯುವುದು ಆ ಅಂಗಡಿಯಲ್ಲಿ ವೇಪ್ ಇದ್ದರೆ. ‘ನಾವು ಅದನ್ನು ಇಟ್ಟುಕೊಳ್ಳುವುದಿಲ್ಲ’ ಎಂಬ ಉತ್ತರ ಬರುವ ಸಂಭವವೂ ಸಾಕಷ್ಟಿದೆ. ಬರಿಗೈಯಲ್ಲಿ ಹೊರಬಂದವನು ಪಕ್ಕದ ಸೂಪರ್ ಮಾರ್ಕೆಟ್ಟಿಗೆ ಹೋದರೆ ಅಲ್ಲಿ ಸಿಗರೇಟು ಸಿಗುತ್ತದೆ. ಅಲ್ಲಿ ಕೇಳುವುದು ವಯಸ್ಸು ಮಾತ್ರ. ಎಷ್ಟು ಸೇದುತ್ತೀಯ, ಯಾಕೆ ಸೇದುತ್ತೀಯ ಎಂದು ಯಾರೂ ಕೇಳುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು. ವೇಪ್ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಜಗತ್ತಿನಾದ್ಯಂತ ಜೋರಾಗಿ ನಡೆಯುತ್ತಿದೆ, ಆ ಗದ್ದಲದಲ್ಲಿ ಸಿಗರೇಟು ಬಿಡಲು ಒದ್ದಾಡುತ್ತಿರುವ ಮನುಷ್ಯನ ದನಿ ಕೇಳುತ್ತಿಲ್ಲ. ಯಾವ ಕಾನೂನನ್ನಾದರೂ ಅವನ ಕಡೆಯಿಂದ ನೋಡಬೇಕು. ಚಟ ಬಿಡಿಸುವ ಸಹಾಯ ಅವನಿಗೆ ಸಿಗರೇಟಿಗಿಂತ ಹತ್ತಿರ ಇದೆಯೋ ದೂರ ಇದೆಯೋ? ವೇಪನ್ನು ವೈದ್ಯರ ಚೀಟಿಗೆ ಕಟ್ಟಿಹಾಕುವ ಪ್ರಯೋಗವನ್ನು ಆಸ್ಟ್ರೇಲಿಯಾದಷ್ಟು ದೊಡ್ಡ ಮಟ್ಟದಲ್ಲಿ ಮಾಡಿದವರು ಬೇರೆ ಯಾರೂ ಇಲ್ಲ. ಆದ್ದರಿಂದ ಅಲ್ಲಿನ ಕಥೆಯನ್ನು ತುಸು ವಿವರವಾಗಿಯೇ ನೋಡಬೇಕಾಗಿದೆ.

ಅದಕ್ಕೂ ಮೊದಲು ವೇಪ್ ಎಂದರೇನು ಎಂಬುದು ಸ್ಪಷ್ಟವಾಗಿರಲಿ. ಒಂದು ಬ್ಯಾಟರಿ, ಕಾದು ಬಿಸಿಯಾಗುವ ಸಣ್ಣ ತಂತಿಸುರುಳಿ, ಅದಕ್ಕೆ ಅಂಟಿಕೊಂಡ ಹತ್ತಿ, ಹತ್ತಿಯನ್ನು ತೋಯಿಸುವ ದ್ರವ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ಸಾಮಾನ್ಯವಾಗಿ ನಿಕೋಟಿನ್. ಎಳೆದಾಗ ದ್ರವ ಆವಿಯಾಗಿ ಎದೆಗೆ ಇಳಿಯುತ್ತದೆ. ಇವತ್ತಿನ ರೂಪದ ಇ-ಸಿಗರೇಟನ್ನು 2003ರ ಸುಮಾರಿಗೆ ರೂಪಿಸಿದವರು ಹೊನ್ ಲಿಕ್ ಎಂಬ ಚೀನಾದ ಫಾರ್ಮಸಿಸ್ಟ್. ಅವರು ತಾವೇ ವಿಪರೀತ ಸಿಗರೇಟು ಸೇದುತ್ತಿದ್ದವರು.

ಸಿಗರೇಟಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಬೆಂಕಿ. ತಂಬಾಕಿನ ಎಲೆ ಉರಿದಾಗ ಟಾರ್, ಕಾರ್ಬನ್ ಮಾನಾಕ್ಸೈಡ್ ಸೇರಿದಂತೆ ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ಕ್ಯಾನ್ಸರ್, ಹೃದಯಾಘಾತ, ಉಸಿರಾಟದ ಕಾಯಿಲೆಗಳ ಬಹುಪಾಲು ಹೊಣೆ ಆ ಹೊಗೆಯದು. ಮನುಷ್ಯ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಟಾರ್‌ನಿಂದ ಎಂಬ ಅರ್ಥದ ಮಾತನ್ನು ಬ್ರಿಟಿಷ್ ಮನೋವೈದ್ಯ ಮೈಕೆಲ್ ರಸೆಲ್ 1970ರ ದಶಕದಲ್ಲೇ ಹೇಳಿದ್ದರು. ನಿಕೋಟಿನ್ ಅಮಾಯಕವೇನಲ್ಲ. ಅದು ಗಟ್ಟಿ ಚಟ ಹಿಡಿಸುತ್ತದೆ, ಬೆಳೆಯುವ ಮಿದುಳಿಗೆ ಒಳ್ಳೆಯದಲ್ಲ, ಗರ್ಭಿಣಿಯರಿಗೆ ಬೇಡವೇ ಬೇಡ. ಆದರೂ ಐವತ್ತರ ಹರೆಯದಲ್ಲಿ ದಿನಕ್ಕೆ ಒಂದು ಪ್ಯಾಕು ಸುಡುತ್ತಿರುವವನು ಪೂರ್ತಿ ವೇಪ್‌ಗೆ ಬದಲಾದರೆ ಅವನ ದೇಹಕ್ಕೆ ಹೋಗುವ ವಿಷ ಬಹಳ ಕಡಿಮೆಯಾಗುತ್ತದೆ. ಹದಿನೈದರ ಹುಡುಗಿಯೊಬ್ಬಳು ಮಾವಿನಹಣ್ಣಿನ ಪರಿಮಳಕ್ಕೆ ಮನಸೋತು ಅದೇ ವೇಪ್ ಎಳೆಯತೊಡಗಿದರೆ ಅವಳಿಗೆ ಅದರಿಂದ ನಷ್ಟವೇ ಹೊರತು ಲಾಭ ಒಂದೂ ಇಲ್ಲ. ಒಂದೇ ವಸ್ತು ಒಬ್ಬನಿಗೆ ಔಷಧ, ಇನ್ನೊಬ್ಬಳಿಗೆ ಹೊಸ ಕಾಯಿಲೆ. ವೇಪ್ ಕಾನೂನುಗಳ ತಲೆನೋವೆಲ್ಲ ಇಲ್ಲಿಂದಲೇ ಹುಟ್ಟುವುದು.

ಬಿಡಿಸುವ ವಿಷಯದಲ್ಲಿ ಸಾಕ್ಷ್ಯ ಏನು ಹೇಳುತ್ತದೆ? ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ತೂಗುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, ಪ್ಯಾಚ್ ಅಥವಾ ಗಮ್ ಬಳಸಿದ ನೂರು ಜನರಲ್ಲಿ ಸುಮಾರು ಆರು ಮಂದಿ ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಸಿಗರೇಟಿನಿಂದ ದೂರ ಉಳಿಯುತ್ತಾರೆ. ನಿಕೋಟಿನ್ ಇರುವ ವೇಪ್ ಬಳಸಿದವರಲ್ಲಿ ಎಂಟರಿಂದ ಹತ್ತು ಮಂದಿ. ಇಂಗ್ಲೆಂಡಿನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಒಂದು ವರ್ಷದ ಕೊನೆಗೆ ವೇಪ್ ಗುಂಪಿನಲ್ಲಿ ಶೇ 18, ಪ್ಯಾಚ್-ಗಮ್ ಗುಂಪಿನಲ್ಲಿ ಶೇ 9.9 ಮಂದಿ ಸಿಗರೇಟು ಬಿಟ್ಟಿದ್ದರು. ಎರಡೂ ಕಡೆಯವರಿಗೆ ಆಪ್ತಸಲಹೆಯ ಬೆಂಬಲವೂ ಇತ್ತು.

ಆದರೆ ಇದೇ ಅಧ್ಯಯನದ ಇನ್ನೊಂದು ಅಂಕಿಯನ್ನು ವೇಪ್ ಪರವಾದಿಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ವೇಪ್‌ನಿಂದ ಸಿಗರೇಟು ಬಿಟ್ಟವರಲ್ಲಿ ಶೇ 80 ಮಂದಿ ವರ್ಷದ ನಂತರವೂ ವೇಪ್ ಎಳೆಯುತ್ತಲೇ ಇದ್ದರು. ಪ್ಯಾಚ್-ಗಮ್ ಬಳಸಿ ಬಿಟ್ಟವರಲ್ಲಿ ಇನ್ನೂ ಅವನ್ನೇ ಬಳಸುತ್ತಿದ್ದವರು ಶೇ 9 ಮಾತ್ರ. ಸಿಗರೇಟು ಹೋಯಿತು, ನಿಕೋಟಿನ್ ಉಳಿಯಿತು. ಇದನ್ನು ಗೆಲುವೆನ್ನಬೇಕೇ? ನನ್ನ ಪ್ರಕಾರ ಗೆಲುವೇ. ಶ್ವಾಸಕೋಶಕ್ಕೆ ಹೊಗೆ ಹೋಗುವುದು ನಿಂತಿತಲ್ಲ. ಆದರೆ ಅರ್ಧ ಗೆಲುವು. ಉಳಿದರ್ಧಕ್ಕೆ ಯಾರಾದರೂ ಪಕ್ಕದಲ್ಲಿ ನಿಂತು ಕೈ ಹಿಡಿಯಬೇಕಾಗುತ್ತದೆ. ವೈದ್ಯರ ಚೀಟಿ ಎಂಬ ಯೋಚನೆಗೆ ನಿಜವಾದ ಬೆಲೆ ಇರುವುದು ಇಲ್ಲೇ.

ಆಸ್ಟ್ರೇಲಿಯಾ ತಂಬಾಕಿನ ಮೇಲೆ ಯುದ್ಧ ಹೂಡಿದ ದೇಶ. ಸಿಗರೇಟು ಪ್ಯಾಕಿನ ಬಣ್ಣ, ಚಿಹ್ನೆಗಳನ್ನೆಲ್ಲ ಕಿತ್ತುಹಾಕಿ ಎಲ್ಲ ಬ್ರ್ಯಾಂಡಿಗೂ ಒಂದೇ ಮಂಕು ಕಂದು ಬಣ್ಣ ಬಳಿಸಿದ ಮೊದಲ ದೇಶ ಅದು, 2012ರ ಡಿಸೆಂಬರಿನಲ್ಲಿ. ತೆರಿಗೆಯನ್ನು ವರ್ಷವರ್ಷವೂ ಏರಿಸಿತು. ಹಾಗಾಗಿ ವೇಪ್ ಬಂದಾಗಲೂ ಅದರ ನಿಲುವು ಬಿಗಿಯಾಗಿಯೇ ಇತ್ತು. ನಿಕೋಟಿನ್ ದ್ರವ ಅಲ್ಲಿ ವಿಷಗಳ ಪಟ್ಟಿಯಲ್ಲಿತ್ತು. ವೈದ್ಯರ ಚೀಟಿ ಇದ್ದವರು ಮಾತ್ರ ಬಳಸಬಹುದಿತ್ತು. 2021ರ ಅಕ್ಟೋಬರ್ 1ರಿಂದ ಈ ನಿಯಮ ಪೂರ್ತಿ ಬಿಗಿಯಾಯಿತು: ಸ್ಥಳೀಯ ಔಷಧಿ ಅಂಗಡಿಯಿಂದ ಕೊಂಡರೂ ವಿದೇಶದಿಂದ ತರಿಸಿಕೊಂಡರೂ ಚೀಟಿ ಕಡ್ಡಾಯ.

ಕಾಗದದ ಮೇಲೆ ಇದು ಒಳ್ಳೆಯ ಯೋಚನೆಯೇ. ಬೇಕಾದವನಿಗೆ ವೈದ್ಯರ ನಿಗಾದಲ್ಲಿ ಸಿಗಲಿ, ಮಕ್ಕಳ ಕೈಗೆ ಹೋಗದಿರಲಿ. ಆದದ್ದು ತಿರುಗಾಮುರುಗಾ. ಅದಕ್ಕೆ ಕಾರಣ ಕಾನೂನಿನ ಒಂದು ಸಣ್ಣ ಬಿರುಕು. ನಿಕೋಟಿನ್ ಇರುವ ವೇಪ್‌ಗೆ ಚೀಟಿ ಬೇಕು, ನಿಕೋಟಿನ್ ಇಲ್ಲದ್ದಕ್ಕೆ ಬೇಡ. ಆದರೆ ನಿಕೋಟಿನ್ ಕಣ್ಣಿಗೆ ಕಾಣುತ್ತದೆಯೇ? ಚೀನಾದ ಶೆನ್ಜೆನ್‌ನಿಂದ ಬರುವ, ಬಳಸಿ ಬಿಸಾಡುವ ವೇಪ್‌ಗಳ ಲೇಬಲ್ಲಿನಲ್ಲಿ ‘ನಿಕೋಟಿನ್’ ಎಂಬ ಪದ ಬಿಟ್ಟುಬಿಟ್ಟರೆ ಸಾಕಿತ್ತು. ಮೂಲೆಯಂಗಡಿಗಳಲ್ಲಿ ಕಲ್ಲಂಗಡಿ, ದ್ರಾಕ್ಷಿ, ಮಾವು, ಬಬಲ್‌ಗಮ್ ರುಚಿಗಳಲ್ಲಿ ಅವು ಮಿಠಾಯಿಯ ಪಕ್ಕದಲ್ಲೇ ಮಾರಾಟವಾಗತೊಡಗಿದವು. ತಪಾಸಣೆಗೆ ಬಂದ ಅಧಿಕಾರಿ ಕೇಸು ಹಾಕಬೇಕೆಂದರೆ ಪ್ರತಿಯೊಂದನ್ನೂ ಪ್ರಯೋಗಾಲಯಕ್ಕೆ ಕಳಿಸಿ ನಿಕೋಟಿನ್ ಇದೆ ಎಂದು ಸಾಬೀತುಪಡಿಸಬೇಕು. ಪರೀಕ್ಷೆ ಮಾಡಿದಾಗಲೆಲ್ಲ ಬಹುಪಾಲಿನಲ್ಲಿ ನಿಕೋಟಿನ್ ಸಿಕ್ಕಿತು. ಅಷ್ಟರಲ್ಲಿ ಸರಕು ಮಾರಿಹೋಗಿರುತ್ತಿತ್ತು.

ಸರ್ಕಾರಿ ಸಮೀಕ್ಷೆಯ ಅಂಕಿಗಳು ಇದನ್ನು ನಿಚ್ಚಳವಾಗಿ ತೋರಿಸುತ್ತವೆ. 2019ರಲ್ಲಿ ಆಸ್ಟ್ರೇಲಿಯಾದ ಶೇ 2.5ರಷ್ಟು ಜನ ವೇಪ್ ಬಳಸುತ್ತಿದ್ದರು. 2022–23ಕ್ಕೆ ಶೇ 7. ಹದಿನಾಲ್ಕರಿಂದ ಹದಿನೇಳರ ಮಕ್ಕಳಲ್ಲಿ ಶೇ 1.8 ಇದ್ದದ್ದು ಶೇ 9.7 ಆಯಿತು. ಹದಿನೆಂಟರಿಂದ ಇಪ್ಪತ್ತನಾಲ್ಕರವರಲ್ಲಿ ಶೇ 5.3ರಿಂದ ಶೇ 21ಕ್ಕೆ ಹಾರಿತು. ವೈದ್ಯರ ಚೀಟಿಯಿದ್ದರೆ ಮಾತ್ರ ಎಂದು ಕಾನೂನು ಹೇಳುತ್ತಿದ್ದ ಹೊತ್ತಿನಲ್ಲೇ ಇದೆಲ್ಲ ನಡೆಯಿತು. ಚೀಟಿ ಕೈಯಲ್ಲಿಟ್ಟುಕೊಂಡು ಕೊಂಡವರು ಕೆಲವೇ ಕೆಲವರು.

ಚೀಟಿ ಬೇಕೆಂದು ನಿಜವಾಗಿ ವೈದ್ಯರ ಬಳಿಗೆ ಹೋದವರ ಪಾಡೇನು? ವೈದ್ಯರಿಗೂ ಇಕ್ಕಟ್ಟು. ಒಂದು ಔಷಧವನ್ನು ಬರೆದುಕೊಡಬೇಕೆಂದರೆ ಅದು ಪರೀಕ್ಷೆಯಾಗಿ, ನೋಂದಣಿಯಾಗಿ, ಇಷ್ಟು ಪ್ರಮಾಣ, ಇಂಥ ಅಡ್ಡಪರಿಣಾಮ ಎಂದು ಗೊತ್ತಿರಬೇಕು. ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ ಟಿಜಿಎಯ ನೋಂದಣಿ ಪುಸ್ತಕದಲ್ಲಿ ಒಂದೇ ಒಂದು ವೇಪ್ ಕೂಡ ಇರಲಿಲ್ಲ. ಅನುಮೋದನೆ ಇಲ್ಲದ ವಸ್ತುವನ್ನು ವಿಶೇಷ ಅನುಮತಿ ಪಡೆದು ಬರೆಯಬೇಕು, ಅದಕ್ಕೆ ಅರ್ಜಿ ತುಂಬಬೇಕು. ಕುಟುಂಬ ವೈದ್ಯರ ಕಾಲೇಜು ಕೊಟ್ಟ ಮಾರ್ಗಸೂಚಿಯೂ ವೇಪನ್ನು ಮೊದಲ ಮದ್ದೆಂದು ಹೇಳಲಿಲ್ಲ. ಪ್ಯಾಚು, ಮಾತ್ರೆಗಳನ್ನು ನೋಡಿ ಆಗದಿದ್ದವರಿಗೆ ಮಾತ್ರ ಯೋಚಿಸಿ ಎಂದಿತು. ಹಾಗಾಗಿ ಬಹಳ ವೈದ್ಯರು ಕೈ ಹಾಕಲೇ ಇಲ್ಲ. ನನಗೆ ಆ ವೈದ್ಯರ ಮೇಲೆ ಸಿಟ್ಟು ಬರುವುದಿಲ್ಲ. ಅನುಮೋದನೆಯಿಲ್ಲದ ವಸ್ತುವಿನ ಹೊಣೆಯನ್ನು ಸರ್ಕಾರ ತಾನು ಹೊರದೆ ಅವರ ಹೆಗಲಿಗೆ ಹೊರಿಸಿತ್ತು.

ಅನುಮೋದಿತ ವೇಪ್ ಯಾಕೆ ಇಲ್ಲ ಎಂಬ ಪ್ರಶ್ನೆ ಸಹಜ. ಬ್ರಿಟನ್ನಿನಲ್ಲಿ ಒಮ್ಮೆ ಇತ್ತು, ಹೆಸರಿಗೆ ಮಾತ್ರ. 2015ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಸಮೂಹದ ‘ಇ-ವೋಕ್’ ಎಂಬ ಇ-ಸಿಗರೇಟಿಗೆ ಔಷಧವೆಂದು ಪರವಾನಗಿ ಕೊಟ್ಟರು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಔಷಧವೆಂದು ಒಪ್ಪಿಗೆ ಪಡೆಯಲು ವರ್ಷಗಟ್ಟಲೆ ಪರೀಕ್ಷೆ, ಅಪಾರ ಖರ್ಚು. ಅಷ್ಟು ಹೊತ್ತಿಗೆ ಬ್ಯಾಟರಿ, ಸುರುಳಿ, ವಿನ್ಯಾಸವೆಲ್ಲ ಹಳತಾಗಿರುತ್ತದೆ. ಅದೇ ವಸ್ತುವನ್ನು ಸಾಮಾನ್ಯ ಸರಕಾಗಿ ನಾಳೆಯೇ ಮಾರಬಹುದಾದರೆ ಕಂಪನಿ ಔಷಧದ ದಾರಿ ಯಾಕೆ ಹಿಡಿದೀತು?

2023ರ ಮೇ 2ರಂದು ಆಸ್ಟ್ರೇಲಿಯಾದ ಆರೋಗ್ಯ ಸಚಿವ ಮಾರ್ಕ್ ಬಟ್ಲರ್ ಹೊಸ ಕ್ರಮ ಪ್ರಕಟಿಸಿದರು. ಬಿಸಾಡುವ ವೇಪ್‌ಗಳ ಆಮದು 2024ರ ಜನವರಿ 1ಕ್ಕೆ ಬಂದ್ ಆಯಿತು, ಮಾರ್ಚ್‌ನಿಂದ ಚಿಕಿತ್ಸೆಯ ಉದ್ದೇಶದ್ದಲ್ಲದ ಎಲ್ಲ ವೇಪ್‌ಗಳ ಆಮದೂ ನಿಂತಿತು. ಅಷ್ಟೇ ಮುಖ್ಯವಾಗಿ, ನಿಕೋಟಿನ್ ಇದೆಯೋ ಇಲ್ಲವೋ ಎಂಬ ಭೇದವನ್ನೇ ತೆಗೆದುಹಾಕಿದರು. ಯಾವ ವೇಪ್ ಆದರೂ ಸರಿ, ಔಷಧಿ ಅಂಗಡಿಯ ಹೊರಗೆ ಮಾರಿದರೆ ಅಪರಾಧ. ಪ್ರಯೋಗಾಲಯದ ವರದಿಗೆ ಕಾಯಬೇಕಾದ ಪ್ರಮೇಯವೇ ಉಳಿಯಲಿಲ್ಲ. ಇದು ಜಾಣ ತಿದ್ದುಪಡಿ. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಮಕ್ಕಳು ಬಚಾವಾಗುತ್ತಿದ್ದರು.

ಈ ತಿದ್ದುಪಡಿಯ ಮಸೂದೆ 2024ರ ಜೂನ್‌ನಲ್ಲಿ ಸೆನೆಟ್ಟಿಗೆ ಬಂದಾಗ ಸರ್ಕಾರಕ್ಕೆ ಗ್ರೀನ್ಸ್ ಪಕ್ಷದ ಮತ ಬೇಕಾಯಿತು. ವಯಸ್ಕರು ಚೀಟಿಗಾಗಿ ಅಲೆಯುವಂತಾಗಬಾರದು, ವೈಯಕ್ತಿಕ ಬಳಕೆಗೆ ಇಟ್ಟುಕೊಂಡವರನ್ನು ಅಪರಾಧಿ ಮಾಡಬಾರದು ಎಂಬುದು ಅವರ ಪಟ್ಟು. ಸಂಧಾನದ ಫಲವಾಗಿ ಜುಲೈ 1ರಿಂದ ವೇಪ್ ಔಷಧಿ ಅಂಗಡಿಗೆ ಸೀಮಿತವಾಯಿತು, ಅಕ್ಟೋಬರ್ 1ರಿಂದ ವಯಸ್ಕರಿಗೆ ಚೀಟಿಯ ಬದಲು ಫಾರ್ಮಸಿಸ್ಟರ ವಿಚಾರಣೆ ಸಾಕು ಎಂದಾಯಿತು.

ಫಾರ್ಮಸಿಸ್ಟರು ಕೆರಳಿದರು. ಅವರ ಸಂಘಟನೆಯಾದ ಫಾರ್ಮಸಿ ಗಿಲ್ಡ್, ಹಾನಿಕರವಾದ, ಚಟ ಹಿಡಿಸುವ, ಔಷಧವೆಂದು ಅನುಮೋದನೆಯೇ ಇಲ್ಲದ ವಸ್ತುವನ್ನು ನಮ್ಮ ಕೈಯಲ್ಲಿ ಮಾರಿಸಬೇಡಿ ಎಂದು ಬಹಿರಂಗವಾಗಿ ವಿರೋಧಿಸಿತು. ದೊಡ್ಡ ಫಾರ್ಮಸಿ ಸರಣಿಗಳಲ್ಲಿ ಹಲವು ದಾಸ್ತಾನು ಇಡುವುದಿಲ್ಲ ಎಂದವು. ಮೊದಲು ಚೀಟಿ ಬರೆಯುವ ವೈದ್ಯರು ಸಿಗುತ್ತಿರಲಿಲ್ಲ, ಈಗ ಚೀಟಿ ಬೇಡವೆಂದರೂ ಕೊಡುವ ಅಂಗಡಿ ಸಿಗುವುದು ಕಷ್ಟ. ವಿಕ್ಟೋರಿಯಾದ ಒಳನಾಡಿನ ಸಣ್ಣ ಊರಲ್ಲಿರುವ ಕೂಲಿಕಾರನಿಗೆ ಹತ್ತಿರದ ಔಷಧಿ ಅಂಗಡಿಯೇ ಬಹಳ ದೂರ. ಅದರಲ್ಲಿ ವೇಪ್ ಇರಬೇಕು, ಫಾರ್ಮಸಿಸ್ಟರಿಗೆ ಮಾತಾಡಲು ಪುರಸೊತ್ತು ಇರಬೇಕು.

ಇತ್ತ ಸಿಗರೇಟಿನ ಕಥೆ ಇನ್ನೊಂದು ದಿಕ್ಕು ಹಿಡಿಯಿತು. ಒಂದೊಂದು ಸಿಗರೇಟಿನ ಮೇಲೆ ಅಲ್ಲಿ ಒಂದು ಡಾಲರ್ ನಲವತ್ತು ಸೆಂಟಿಗೂ ಹೆಚ್ಚು ಸುಂಕವಿದೆ. ಇಪ್ಪತ್ತರ ಪ್ಯಾಕು ನಲವತ್ತು ಡಾಲರಿನ ಆಸುಪಾಸು. ಕಳ್ಳಸಾಗಣೆಯ ಪ್ಯಾಕು ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಅಷ್ಟು ದೊಡ್ಡ ಲಾಭವಿರುವ ಕಡೆ ಗ್ಯಾಂಗುಗಳು ಬರದೇ ಇರುತ್ತವೆಯೇ? 2023ರ ಮಾರ್ಚ್‌ನಿಂದೀಚೆಗೆ ಮೆಲ್ಬರ್ನ್ ಮತ್ತು ಸುತ್ತಮುತ್ತ ನೂರಕ್ಕೂ ಹೆಚ್ಚು ತಂಬಾಕು ಅಂಗಡಿಗಳಿಗೆ, ಸಂಬಂಧಪಟ್ಟ ಕಟ್ಟಡಗಳಿಗೆ ಬೆಂಕಿ ಬಿದ್ದಿದೆ. ತಮ್ಮ ಸರಕನ್ನೇ ಮಾರಬೇಕು, ಇಲ್ಲವೇ ಹಫ್ತಾ ಕೊಡಬೇಕು ಎಂದು ಅಂಗಡಿಯವರನ್ನು ಬೆದರಿಸುವ ಜಾಲಗಳ ಕೈವಾಡವಿದು. ಅದೇ ಜಾಲದಲ್ಲಿ ಬಣ್ಣಬಣ್ಣದ ವೇಪ್‌ಗಳೂ ಬರುತ್ತವೆ. ಸರ್ಕಾರದ ತಂಬಾಕು ಸುಂಕದ ಆದಾಯ 2019–20ರಲ್ಲಿ ಸುಮಾರು 1,600 ಕೋಟಿ ಡಾಲರ್ ಇದ್ದದ್ದು 2023–24ಕ್ಕೆ 1,000 ಕೋಟಿಗಿಂತ ಕೆಳಗಿಳಿಯಿತು. ಇಳಿಕೆಯಲ್ಲಿ ಒಂದು ಪಾಲು ಸೇದುವುದನ್ನು ಬಿಟ್ಟವರದ್ದು ನಿಜ. ದಿನವೂ ಸೇದುವವರ ಪ್ರಮಾಣ 2019ರ ಶೇ 11ರಿಂದ 2022–23ಕ್ಕೆ ಶೇ 8.3ಕ್ಕೆ ಬಂದಿತ್ತು. ಇನ್ನೊಂದು ದೊಡ್ಡ ಪಾಲು ಕಳ್ಳಪೇಟೆಗೆ ಹೋದದ್ದು.

ಆದ್ದರಿಂದಲೇ ನಿಷೇಧ ಸಡಿಲಿಸಿ, ವೇಪನ್ನು ಎಲ್ಲೆಡೆ ಮಾರಲು ಬಿಡಿ ಎಂಬ ಕೂಗು ಅಲ್ಲಿ ಎದ್ದಿದೆ. ಪಕ್ಕದ ನ್ಯೂಜಿಲೆಂಡನ್ನು ತೋರಿಸುತ್ತಾರೆ. ಅಲ್ಲಿ ವೇಪ್ ಅಂಗಡಿಗಳಿಗೆ ಅನುಮತಿ ಇದೆ. ದಿನವೂ ಸೇದುವ ವಯಸ್ಕರು 2011–12ರಲ್ಲಿ ಶೇ 16.4 ಇದ್ದವರು 2023–24ಕ್ಕೆ ಶೇ 6.9ಕ್ಕೆ ಇಳಿದರು. ಆದರೆ ದಿನವೂ ವೇಪ್ ಎಳೆಯುವವರು ಶೇ 11ಕ್ಕೆ ಏರಿದರು, ಶಾಲಾ ಮಕ್ಕಳಲ್ಲೂ ಅದು ಹಬ್ಬಿತು. ಕೊನೆಗೆ 2025ರ ಜೂನ್‌ನಲ್ಲಿ ಬಿಸಾಡುವ ವೇಪ್‌ಗಳನ್ನು ಅವರೂ ನಿಷೇಧಿಸಬೇಕಾಯಿತು. ಬ್ರಿಟನ್ನಿನದೂ ಅದೇ ತಿಂಗಳ ನಿಷೇಧ. ಬ್ರಿಟನ್ನಿನಲ್ಲಿ ನನಗೆ ಮೆಚ್ಚುಗೆಯಾದದ್ದು ಬೇರೆ ಒಂದು ಕ್ರಮ. ಇಂಗ್ಲೆಂಡಿನ ಹತ್ತು ಲಕ್ಷ ಧೂಮಪಾನಿಗಳಿಗೆ ಸರ್ಕಾರವೇ ಉಚಿತ ವೇಪ್ ಕಿಟ್ ಕೊಡುವ ಯೋಜನೆಯನ್ನು 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಕಿಟ್ ಜೊತೆಗೆ ಚಟ ಬಿಡಿಸುವ ಆಪ್ತಸಲಹೆಯೂ ಇರುತ್ತದೆ. ಪ್ಯಾಕೆಟ್ ಕೊಟ್ಟು ಕೈತೊಳೆದುಕೊಳ್ಳುವ ಕೆಲಸ ಅದಲ್ಲ.

ಆಸ್ಟ್ರೇಲಿಯಾ ಫಾರ್ಮಸಿಗಳ ದಾರಿಯನ್ನು ಕೈಬಿಡಬಾರದು ಎಂಬುದು ನನ್ನ ನಿಲುವು. ಶಾಲೆ ಬಿಟ್ಟ ಮಕ್ಕಳ ಕಣ್ಣೆದುರಿನಿಂದ ವೇಪನ್ನು ತೆಗೆದದ್ದು ಸರಿಯಾದ ಕೆಲಸ, ಹದಿಹರೆಯದವರಲ್ಲಿ ವೇಪಿಂಗ್ ಇಳಿಯುತ್ತಿರುವ ಸೂಚನೆಗಳೂ ಇವೆ. ತಪ್ಪಿದ್ದು, ದೊಡ್ಡವರ ದಾರಿಯನ್ನು ಅಗಲ ಮಾಡದೇ ಇದ್ದದ್ದರಲ್ಲಿ. ಫಾರ್ಮಸಿಸ್ಟ್ ಕಾಲು ಗಂಟೆ ಕೂತು ಮಾತಾಡಿದರೆ ಅದಕ್ಕೆ ಸರ್ಕಾರ ಹಣ ಕೊಡಬೇಕು. ಅನುಮೋದಿತ ಉತ್ಪನ್ನ ತರಲು ಸಾರ್ವಜನಿಕ ಹಣದಲ್ಲೇ ಪರೀಕ್ಷೆ ನಡೆಯಬೇಕು. ಮತ್ತು ಸಿಗರೇಟನ್ನು ಸೂಪರ್ ಮಾರ್ಕೆಟ್ಟಿನಲ್ಲಿ ಇಟ್ಟುಕೊಂಡು ಅದನ್ನು ಬಿಡಿಸುವ ವಸ್ತುವನ್ನು ಮಾತ್ರ ಫಾರ್ಮಸಿಯ ಒಳಕೋಣೆಗೆ ತಳ್ಳುವುದರಲ್ಲಿ ಯಾವ ನ್ಯಾಯವೂ ಇಲ್ಲ.

ಕನ್ನಡಿಗರಿಗೂ ಇದು ದೂರದ ಮಾತಲ್ಲ. ಮೆಲ್ಬರ್ನ್, ಸಿಡ್ನಿಗಳಲ್ಲಿ ಮಗಳೋ ಮಗನೋ ಇರುವ ಮನೆಗಳು ದಾವಣಗೆರೆ, ಹಾಸನ, ಹುಬ್ಬಳ್ಳಿಗಳಲ್ಲಿ ಎಷ್ಟಿಲ್ಲ? ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಹೊರಡುವ ಅಪ್ಪ ನಲವತ್ತು ವರ್ಷದಿಂದ ಸೇದುತ್ತಿದ್ದಾರೆ ಎಂದುಕೊಳ್ಳಿ. ಅಲ್ಲಿಗೆ ಸುಂಕವಿಲ್ಲದೆ ಒಯ್ಯಬಹುದಾದದ್ದು ಒಡೆಯದ 25 ಸಿಗರೇಟು, ಜೊತೆಗೆ ಒಡೆದ ಒಂದು ಪ್ಯಾಕು ಮಾತ್ರ. ಅದು ಮುಗಿದರೆ ಡಾಲರ್ ಲೆಕ್ಕ. ‘ಅಪ್ಪಾ, ಒಂದು ಪ್ಯಾಕಿಗೆ ಎರಡು ಸಾವಿರ ರೂಪಾಯಿ ಆಗುತ್ತೆ’ ಎಂದು ಮಗ ಹೇಳಿದಾಗ ಎಷ್ಟೋ ಹಿರಿಯರು ಮೊದಲ ಬಾರಿಗೆ ಗಂಭೀರವಾಗಿ ಬಿಡುವ ಯೋಚನೆ ಮಾಡುತ್ತಾರೆ. ಅಂಥವರಿಗೆ ಹೊರಡುವ ಮೊದಲೇ ಇಲ್ಲಿ ಚಿಕಿತ್ಸೆ ಶುರುಮಾಡಿಸಿ ಕರೆದೊಯ್ಯುವುದು ಒಳ್ಳೆಯದು. ವೇಪ್ ತಂದುಕೊಡುತ್ತೇನೆ ಎಂದು ಮಗ ಅಲ್ಲಿಂದ ಹಿಡಿದುಕೊಂಡು ಬಂದರೆ ಮಾತ್ರ ತೊಂದರೆ; ಭಾರತಕ್ಕೆ ಅದರ ಆಮದು ಅಪರಾಧ.

ನಮ್ಮಲ್ಲಿ ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರದ ನಿರ್ಧಾರವನ್ನು 2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಸುಗ್ರೀವಾಜ್ಞೆ ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ ಮತ್ತು ಐದು ಲಕ್ಷದವರೆಗೆ. ಅಮೆರಿಕದಲ್ಲಿ ಆ ತಿಂಗಳುಗಳಲ್ಲೇ ವೇಪ್ ಎಳೆದವರ ಶ್ವಾಸಕೋಶ ಹಾಳಾಗುತ್ತಿದ್ದ ಸುದ್ದಿ ಹಬ್ಬಿತ್ತು. 2020ರ ಫೆಬ್ರವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ಸತ್ತಿದ್ದರು. ಅದಕ್ಕೆ ಮುಖ್ಯ ಕಾರಣ ಗಾಂಜಾದ ಅಂಶವಿರುವ ಕಳ್ಳ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂದು ಆಮೇಲೆ ತಿಳಿಯಿತು.

ನಮ್ಮ ಕಾಯ್ದೆಯಲ್ಲೂ ಒಂದು ವಿನಾಯಿತಿ ಇದೆ, ಅದನ್ನು ಗಮನಿಸಿದವರು ಕಡಿಮೆ. ಇ-ಸಿಗರೇಟು ಎಂದರೆ ಏನು ಎಂಬ ವ್ಯಾಖ್ಯೆಯಲ್ಲಿ, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನ ಇದರಲ್ಲಿ ಸೇರುವುದಿಲ್ಲ ಎಂದು ಬರೆದಿದೆ. ಅಂದರೆ ಔಷಧವಾಗಿ ಪರೀಕ್ಷೆ ಪಾಸಾದ ವೇಪ್ ಬಂದರೆ ವೈದ್ಯರು ಬರೆಯಬಹುದು. ಹಾಗೆ ಪರವಾನಗಿ ಪಡೆದು ಬಂದದ್ದು ಯಾವುದೂ ಇಲ್ಲ.

ಭಾರತ ವೇಪ್‌ಗೆ ಈಗ ಅನುಮತಿ ಕೊಡಬೇಕೆಂದು ನಾನು ಹೇಳಲಾರೆ. ನಮ್ಮ ಸಮಸ್ಯೆಯ ರೂಪ ಬೇರೆ. ದೇಶದ 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8, ಅಗಿಯುವವರು, ತುಟಿಗಿಟ್ಟುಕೊಳ್ಳುವವರು ಶೇ 16.3. ಕಡ್ಡಿಪುಡಿ, ಗುಟ್ಕಾ, ಎಲೆಯಡಿಕೆಯ ಜೊತೆಯ ಹೊಗೆಸೊಪ್ಪಿನ ಚಟಕ್ಕೆ ವೇಪ್ ಉತ್ತರವೇ ಅಲ್ಲ. ಮೇಲಾಗಿ ಹುಣಸೂರು, ಪಿರಿಯಾಪಟ್ಟಣಗಳ ಹೊಲದಲ್ಲಿ ಎಲೆ ಬೆಳೆದು, ಕರಾವಳಿಯ ಹೆಂಗಸರ ಕೈಯಲ್ಲಿ ಬೀಡಿ ಕಟ್ಟಿಸಿ, ಗೂಡಂಗಡಿಯಲ್ಲಿ ಮಾರಿಸುವ ನಾಡಿನಲ್ಲಿ ಹೊಸದೊಂದು ನಿಕೋಟಿನ್ ವಸ್ತು ಮಕ್ಕಳ ಕೈ ಸೇರದಂತೆ ತಡೆಯುವ ಶಕ್ತಿ ನಮ್ಮ ಆಡಳಿತಕ್ಕಿದೆ ಎಂದು ನಂಬುವುದು ಕಷ್ಟ. ನಿಷೇಧವಿದ್ದರೂ ಬೆಂಗಳೂರಿನ ಕಾಲೇಜುಗಳ ಸುತ್ತ ವೇಪ್ ಸಿಗುತ್ತಿದೆ.

ನನಗೆ ಹೆಚ್ಚು ಸಂಕಟವಾಗುವುದು ಅನುಮೋದನೆ ಇರುವ ಔಷಧಗಳ ವಿಚಾರದಲ್ಲಿ. ನಿಕೋಟಿನ್ ಗಮ್ ಗೊತ್ತಿರಬಹುದು. ಎರಡು ಮಿಲಿಗ್ರಾಂನದ್ದು ಯಾವ ಮೆಡಿಕಲ್ ಶಾಪಿನಲ್ಲಾದರೂ ಚೀಟಿಯಿಲ್ಲದೆ ಸಿಗುತ್ತದೆ. ಕೊಂಡವರಲ್ಲಿ ಬಹಳ ಮಂದಿ ಅದನ್ನು ಚ್ಯೂಯಿಂಗ್ ಗಮ್ಮಿನಂತೆ ಜಗಿದು, ರಸ ನುಂಗಿ, ಹೊಟ್ಟೆ ತೊಳಸಿತು, ಬಿಕ್ಕಳಿಕೆ ಬಂತು ಎಂದು ಎಸೆಯುತ್ತಾರೆ. ಅದರ ಕ್ರಮ ಬೇರೆ. ನಿಧಾನವಾಗಿ ನಾಲ್ಕಾರು ಸಲ ಅಗಿಯಬೇಕು. ಬಾಯಲ್ಲಿ ಖಾರದಂಥ ಚುರುಚುರು ಬಂದಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಚುರುಚುರು ಹೋದ ಮೇಲೆ ಮತ್ತೆ ಅಗಿದು ಇನ್ನೊಂದು ಕಡೆ ಇಡಬೇಕು. ಹೀಗೆ ಸುಮಾರು ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಪದರದಿಂದ, ಹೊಟ್ಟೆಯಿಂದಲ್ಲ. ಕಾಫಿ ಕುಡಿದ ತಕ್ಷಣ ಹಾಕಿಕೊಂಡರೆ ಬಾಯಿಯ ಹುಳಿಯಿಂದಾಗಿ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಾಲು ಗಂಟೆಯಾದರೂ ಬಿಡಬೇಕು. ಇಷ್ಟನ್ನು ಕೌಂಟರಿನಲ್ಲಿ ಹೇಳಿಕೊಡಲು ಎರಡು ನಿಮಿಷ ಸಾಕು. ಹೇಳುವವರು ಸಿಗುವುದು ಅಪರೂಪ.

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರು ಗಟ್ಟಿಯಾಗಿ ಚಟಕ್ಕೆ ಬಿದ್ದವರು. ಅವರಿಗೆ ಎರಡು ಮಿಲಿಗ್ರಾಂ ಸಾಲುವುದಿಲ್ಲ, ನಾಲ್ಕು ಬೇಕು. ಆ ನಾಲ್ಕು ಮಿಲಿಗ್ರಾಂ ಗಮ್‌ಗೆ ನಮ್ಮಲ್ಲಿ ವೈದ್ಯರ ಚೀಟಿ ಕಡ್ಡಾಯ. ಹೆಚ್ಚು ಕಾಯಿಲೆ ಇರುವವನಿಗೇ ಔಷಧ ಹೆಚ್ಚು ದೂರ. ಅತ್ತ ಇಡೀ ಸಿಗರೇಟಿಗೆ ಯಾರ ಚೀಟಿಯೂ ಬೇಡ. ಆಸ್ಟ್ರೇಲಿಯಾದಲ್ಲಿ ವೇಪ್‌ಗೆ ಆದದ್ದೇ ನಮ್ಮಲ್ಲಿ ಗಮ್‌ಗೆ ಆಗಿದೆ ಎನ್ನಿಸುತ್ತದೆ. ಚೀಟಿ ಬೇಡವೆನ್ನಬೇಕಿಲ್ಲ, ಚೀಟಿ ಬರೆಯುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಬಿಪಿ, ಸಕ್ಕರೆ ನೋಡುವ ಹಾಗೆ ‘ತಂಬಾಕು ಬಳಸುತ್ತೀರಾ, ಬಿಡುವ ಮನಸ್ಸಿದೆಯಾ?’ ಎಂದು ಪ್ರತಿ ರೋಗಿಯನ್ನೂ ಕೇಳಬೇಕು. ಕೇಳಿದರೆ ಹೌದು ಎನ್ನುವವರು ಬಹಳ ಜನ ಇದ್ದಾರೆ. 2016–17ರ ಅದೇ ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳಲ್ಲಿ ಶೇ 55.4 ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದಿದ್ದರು.

ಔಷಧಗಳ ಕೊರತೆ ಜಗತ್ತಿನಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಂದ ಚಿಕಿತ್ಸಾ ಮಾರ್ಗಸೂಚಿ ನಿಕೋಟಿನ್ ಪ್ಯಾಚು-ಗಮ್, ವೆರೆನಿಕ್ಲಿನ್, ಬುಪ್ರೋಪಿಯಾನ್, ಸೈಟಿಸಿನ್ ಈ ನಾಲ್ಕನ್ನೂ ಶಿಫಾರಸು ಮಾಡುತ್ತದೆ. ಸೈಟಿಸಿನ್ ಹಳದಿ ಹೂವಿನ ಲಬರ್ನಮ್ ಗಿಡದಿಂದ ತೆಗೆಯುವ ಅಗ್ಗದ ಔಷಧ. ಪೂರ್ವ ಯುರೋಪಿನಲ್ಲಿ 1960ರ ದಶಕದಿಂದಲೇ ಬಳಕೆಯಲ್ಲಿದೆ. ಭಾರತದ ಅತ್ಯಗತ್ಯ ಔಷಧಗಳ ಪಟ್ಟಿಗೆ 2022ರಲ್ಲಿ ನಿಕೋಟಿನ್ ಬದಲಿ ಚಿಕಿತ್ಸೆಯೂ ಸೇರಿದೆ. ಪಟ್ಟಿಯಲ್ಲಿರುವುದು ತಾಲ್ಲೂಕು ಆಸ್ಪತ್ರೆಯ ಔಷಧ ಕಿಟಕಿಯಲ್ಲೂ ಸಿಗಬೇಕು, ಅಷ್ಟೇ.

ಮಾತಾಡುವವರು ಬೇಕೆನ್ನುವವರಿಗೆ ರಾಷ್ಟ್ರೀಯ ತಂಬಾಕು ಮುಕ್ತಿ ಸಹಾಯವಾಣಿ ಇದೆ: 1800-11-2356. ಕರೆ ಉಚಿತ. ದಕ್ಷಿಣದ ಭಾಷೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವ ದಿನ ಗೊತ್ತುಮಾಡಿಸಿ, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. 2018ರಿಂದ ಈ ಸಂಖ್ಯೆಯನ್ನು ಪ್ರತಿ ಸಿಗರೇಟು, ಬೀಡಿ, ಗುಟ್ಕಾ ಪ್ಯಾಕಿನ ಮೇಲೆ ಅಚ್ಚುಹಾಕುವುದು ಕಡ್ಡಾಯವಾಗಿದೆ.

ಆದರೆ ನಮ್ಮಲ್ಲಿ ಪ್ಯಾಕು ಕೊಳ್ಳುವವರೆಷ್ಟು? ಆಟೊ ನಿಲ್ಲಿಸಿ ಬೀಡಾ ಅಂಗಡಿಯಲ್ಲಿ ಒಂದೇ ಒಂದು ಸಿಗರೇಟು ಕೇಳಿ, ಅಲ್ಲಿ ತೂಗುಹಾಕಿರುವ ಲೈಟರಿನಿಂದ ಹಚ್ಚಿಕೊಂಡು ಹೋಗುವವನಿಗೆ ಪ್ಯಾಕಿನ ಚಿತ್ರವೂ ಕಾಣುವುದಿಲ್ಲ, ಸಂಖ್ಯೆಯೂ ಕಾಣುವುದಿಲ್ಲ. ಬಿಡಿ ಸಿಗರೇಟು ಮಾರಾಟವನ್ನು ಕರ್ನಾಟಕ 2017ರಲ್ಲೇ ನಿಷೇಧಿಸಿತು. 2024ರ ತಿದ್ದುಪಡಿ ಮಾರಾಟದ ವಯಸ್ಸನ್ನು 21ಕ್ಕೆ ಏರಿಸಿ, ಬಿಡಿ ಮಾರಾಟದ ನಿಷೇಧವನ್ನು ಮತ್ತೆ ಗಟ್ಟಿಮಾಡಿತು. ಮಾರಾಟ ನಿಂತಿಲ್ಲ. ಅದು ನಿಲ್ಲುವವರೆಗೆ ಆ ಸಂಖ್ಯೆಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಪ್ರತಿ ಬೀಡಾ ಅಂಗಡಿಯ ಎದುರಿನ ಫಲಕದಲ್ಲಿ, ಆ ಲೈಟರ್ ತೂಗುವ ಜಾಗದಲ್ಲೇ ಬರೆಸುವಂತೆ ಮಾಡಲು ಹೊಸ ಕಾಯ್ದೆಯೇನೂ ಬೇಕಿಲ್ಲ. ನಗರಸಭೆ, ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಿದರೆ ಈ ತಿಂಗಳೇ ಶುರುಮಾಡಬಹುದು.